ಟ್ರಂಕಿನ ತಳದ ಹಳೇ ಪೇಪರ್ ಓದುವುದು ಹೇಗೆ?

ಅಜ್ಜಿಯ ಕಬ್ಬಿಣದ ಟ್ರಂಕ್ ಖಾಲಿ ಮಾಡುತ್ತಿದ್ದೆವು. ರೇಷ್ಮೆ ಸೀರೆ, ಹಿತ್ತಾಳೆ ಪಾವು, ಪಂಚಾಂಗದ ಕಟ್ಟು ಎಲ್ಲ ತೆಗೆದ ಮೇಲೆ ತಳದಲ್ಲಿ ಹಾಸಿದ್ದ ಪೇಪರ್ ಕಾಣಿಸಿತು. ಚಹಾದ ಬಣ್ಣಕ್ಕೆ ತಿರುಗಿತ್ತು. ಮೇಲಿನ ಅರ್ಧ ಇರಲಿಲ್ಲ. "ಅದನ್ನ ಎಸೆದು ಹೊಸದು ಹಾಸೋ" ಅಂದರು ಅಮ್ಮ. ಎಸೆಯುವ ಮೊದಲು ಸುಮ್ನೆ ಕಣ್ಣಾಡಿಸಿದೆ. ಮೂಲೆಯಲ್ಲಿ ನಾಲ್ಕು ಸಾಲಿನ ಜಾಹೀರಾತು: "ಚಿರಂಜೀವಿ, ನೀನು ಹೋದಾಗಿನಿಂದ ತಾಯಿ ಊಟ ಬಿಟ್ಟಿದ್ದಾಳೆ. ಎಲ್ಲಿದ್ದರೂ ಕೂಡಲೇ ಬಾ. ಯಾರೂ ಬೈಯುವುದಿಲ್ಲ. ದುಡ್ಡು ಬೇಕಾದರೆ ವಿಳಾಸ ಬರೆ."

ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಅದನ್ನು ಓದುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದು ಸಿಗಬಹುದು.

ಮೊದಲು ಕೈ ಒರೆಸಿಕೊಳ್ಳಿ

ನ್ಯೂಸ್‌ಪ್ರಿಂಟ್ ಬಾಳಿಕೆಗೆ ಮಾಡಿದ ಕಾಗದವಲ್ಲ. ಮರದ ತಿರುಳನ್ನು ಹೆಚ್ಚು ಶುದ್ಧ ಮಾಡದೆ ತಯಾರಿಸುತ್ತಾರೆ. ಅದರಲ್ಲಿ ಉಳಿಯುವ ಲಿಗ್ನಿನ್ ಎಂಬ ಅಂಶ ಗಾಳಿ, ಬೆಳಕು ತಾಗಿದಂತೆ ಹಳದಿಯಾಗುತ್ತದೆ. ಜೊತೆಗೆ ಕಾಗದದ ಆಮ್ಲವೂ ಸೇರಿ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಹಾಗಾಗಿ ಅಂಚು ಹಿಡಿದು ಎತ್ತಬೇಡಿ. ಕೆಳಗೆ ಒಂದು ರಟ್ಟು ತೂರಿಸಿ, ರಟ್ಟಿನ ಸಮೇತ ಎತ್ತಿ. ಹರಿದ ಕಡೆ ಸೆಲೋ ಟೇಪ್ ಅಂಟಿಸಲೇಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಅಕ್ಷರ ನುಂಗುತ್ತದೆ. ಲ್ಯಾಮಿನೇಷನ್ ಕೂಡ ಬೇಡ, ಒಮ್ಮೆ ಮಾಡಿದರೆ ಬಿಡಿಸಲು ಆಗುವುದಿಲ್ಲ.

ಓದುವ ಮುಂಚೆಯೇ ಫೋಟೋ ತೆಗೆದುಬಿಡಿ. ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಜಾಗ ಸಾಕು. ಫ್ಲ್ಯಾಶ್ ಬೇಡ. ಇನ್ನು ಮುಂದೆ ಫೋನಿನಲ್ಲೇ ದೊಡ್ಡದು ಮಾಡಿ ಓದಿ, ಹಾಳೆಗೆ ವಿಶ್ರಾಂತಿ ಕೊಡಿ.

ತಾರೀಕು ಇಲ್ಲದಿದ್ದರೆ ಹುಡುಕಿ

ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾದ ಹಂತ ಇದು. ತಾರೀಕು ಗೊತ್ತಿಲ್ಲದ ಪೇಪರ್ ವಿಳಾಸವಿಲ್ಲದ ಕಾಗದದ ಹಾಗೆ. ಆದರೆ ಅದರೊಳಗೇ ಸುಳಿವುಗಳಿರುತ್ತವೆ.

ಮೊದಲು ದುಡ್ಡು ನೋಡಿ. ನನ್ನ ಹಾಳೆಯಲ್ಲಿ ಒಂದು ಸೀರೆಯ ಬೆಲೆ "12 ರೂ. 50 ನ.ಪೈ." ಎಂದಿತ್ತು. ನ.ಪೈ. ಅಂದರೆ ನಯಾ ಪೈಸೆ. ರೂಪಾಯಿಗೆ 16 ಆಣೆ ಹೋಗಿ 100 ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. 'ನಯಾ' ಎಂಬ ಮಾತು ಬಿಟ್ಟುಹೋಗಿ ಬರೀ ಪೈಸೆ ಆದದ್ದು 1964ರ ಜೂನ್ 1ರಂದು. ಅಲ್ಲಿಗೆ ಏಳು ವರ್ಷದ ಬೇಲಿ ಸಿಕ್ಕಿತು.

ಇನ್ನೂ ಕೆಲವು ಇಂಥ ಬೇಲಿಗಳಿವೆ. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಕಿಲೋ ಲೆಕ್ಕ ಕಂಡರೆ ಹೆಚ್ಚಾಗಿ 1958ರ ಅಕ್ಟೋಬರ್ ನಂತರದ್ದು. ಆಗಿನಿಂದ ಮೆಟ್ರಿಕ್ ತೂಕ ಹಂತ ಹಂತವಾಗಿ ಬಂತು. ಸೇರು, ಕಿಲೋ ಎರಡೂ ಒಂದೇ ಪುಟದಲ್ಲಿದ್ದರೆ ಜನ ಇನ್ನೂ ಹೊಸ ಲೆಕ್ಕಕ್ಕೆ ಒಗ್ಗುತ್ತಿದ್ದ ಕಾಲ ಎಂದು ಊಹಿಸಬಹುದು.

ಕೊನೆಗೆ ವಾರ ನೋಡಿ. ನನ್ನ ಹಾಳೆಯಲ್ಲಿ ಹಳೇ ಪೀಠೋಪಕರಣದ ಹರಾಜು ಪ್ರಕಟಣೆ ಇತ್ತು: "ಬರುವ ಆಗಸ್ಟ್ 14, ಭಾನುವಾರ ಬೆಳಿಗ್ಗೆ 10 ಗಂಟೆಗೆ." 1957ರಿಂದ 1964ರವರೆಗೆ ಆಗಸ್ಟ್ 14 ಭಾನುವಾರ ಬಿದ್ದದ್ದು ಒಂದೇ ಸಲ, 1960ರಲ್ಲಿ. ಫೋನಿನ ಕ್ಯಾಲೆಂಡರನ್ನು ಹಿಂದಕ್ಕೆ ಸರಿಸಿದರೆ ಇದು ಎರಡು ನಿಮಿಷದ ಕೆಲಸ. ಅದು ಹೊಂದಿದಾಗ ನಾನು ಕೂತಲ್ಲಿಂದ ಎದ್ದು ಅಮ್ಮನನ್ನು ಕರೆದೆ.

ಪತ್ರಿಕೆ ಯಾವುದೆಂದು ತಿಳಿಯಲು ಕೊನೆಯ ಪುಟದ ಕಟ್ಟಕಡೆಯ ಸಾಲು ಓದಿ. ಮುದ್ರಕರು, ಪ್ರಕಾಶಕರು, ಊರು ಅಲ್ಲಿರುತ್ತದೆ. 1867ರ ಕಾನೂನಿನ ಪ್ರಕಾರ ಅದನ್ನು ಹಾಕಲೇಬೇಕಿತ್ತು. ನನ್ನದು ಅದೃಷ್ಟಕ್ಕೆ ಕೊನೆಯ ಪುಟದ ಕೆಳಗಿನ ಅರ್ಧ.

ದೊಡ್ಡಕ್ಷರ ಬಿಟ್ಟು ಸಣ್ಣಕ್ಷರಕ್ಕೆ ಹೋಗಿ

ಯಾವ ಮಂತ್ರಿ ಏನಂದರು ಅನ್ನುವುದು ಬೇರೆ ಕಡೆಯೂ ಸಿಗುತ್ತದೆ. ಆ ದಿನ ಜನ ಏನು ಉಟ್ಟರು, ಏನು ಕಳೆದುಕೊಂಡರು, ಯಾವುದಕ್ಕೆ ಕಾದರು ಅನ್ನುವುದು ಒಳಪುಟದ ಸಣ್ಣಕ್ಷರದಲ್ಲೇ ಇರುತ್ತದೆ. ಪೇಟೆ ಧಾರಣೆ ಓದಿ. ಮಲೆನಾಡಿನ ಕಡೆಯದಾದರೆ ರಾಶಿ, ಬೆಟ್ಟೆ, ಗೊರಬಲು, ಚಾಲಿ ಎಂದು ಅಡಿಕೆಯ ಸಾಲು. ಮಂಡ್ಯದವರಾದರೆ ಮಳೆಗಾಲದಲ್ಲಿ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ, 124.80 ಅಡಿಗೆ ಎಷ್ಟು ಬಾಕಿ ಎಂದು. ಇಂಥ ಒಂದು ಸಾಲಿನ ಮೇಲೆ ಎಷ್ಟೋ ಮನೆಗಳ ಮದುವೆ ಮುಂದೆ ಹೋಗಿವೆ, ಸಾಲ ತೀರಿವೆ.

ಆಮೇಲೆ 'ಕಳೆದಿದೆ', 'ಬೇಕಾಗಿದ್ದಾರೆ', 'ವಧು ಬೇಕಾಗಿದೆ', ವೈಕುಂಠ ಸಮಾರಾಧನೆ, ಸಿನಿಮಾದ 'ಇಂದಿನಿಂದ ದಿನಾ 3 ಆಟ'. ಎಸ್ಸೆಸ್ಸೆಲ್ಸಿ ಫಲಿತಾಂಶದ ಪುಟ ಸಿಕ್ಕರಂತೂ ಬಿಡಬೇಡಿ. ಬರೀ ರಿಜಿಸ್ಟರ್ ನಂಬರುಗಳು. ಅದರಲ್ಲಿ ಯಾರೋ ಒಂದು ನಂಬರಿನ ಸುತ್ತ ಪೆನ್ಸಿಲ್ ಗೆರೆ ಎಳೆದಿದ್ದರೆ ಆ ಮನೆಯ ಬೆಳಗು ಕಣ್ಣೆದುರು ಬರುತ್ತದೆ, ಅಲ್ವಾ?

ಬೆಲೆ ಕಂಡು 'ಅಯ್ಯೋ ಎಷ್ಟು ಅಗ್ಗ' ಅನ್ನಬೇಡಿ

ಈ ತಪ್ಪನ್ನು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದೆ. ಹನ್ನೆರಡೂವರೆ ರೂಪಾಯಿಗೆ ಸೀರೆ! ಅದೇ ಪುಟದಲ್ಲಿ ಮೇಷ್ಟ್ರು ಬೇಕಾಗಿದ್ದಾರೆ ಎಂಬ ಜಾಹೀರಾತು ಇತ್ತು, ಸಂಬಳ ತಿಂಗಳಿಗೆ 80 ರೂಪಾಯಿ. ಆರು ಸೀರೆ ಕೊಂಡರೆ 75 ಹೋಯಿತು, ಉಳಿದದ್ದು ಐದು. ಅಜ್ಜಿಗೆ ಟ್ರಂಕಿನ ತುಂಬ ಸೀರೆ ಯಾಕಿರಲಿಲ್ಲ ಎಂದು ಆಗ ತಿಳಿಯಿತು. ಬೆಲೆಯನ್ನು ಅದೇ ಕಾಲದ ಸಂಬಳದ ಪಕ್ಕ ಇಟ್ಟೇ ಅಳೆಯಿರಿ.

ಅಳತೆಯ ವಿಷಯದಲ್ಲೂ ಎಚ್ಚರ ಇರಲಿ. ಸೇರು ತೂಕವೂ ಹೌದು, ಅಳೆಯುವ ಪಾತ್ರೆಯೂ ಹೌದು. ನಾಲ್ಕು ಪಾವಿಗೆ ಒಂದು ಸೇರು, ನೂರು ಸೇರಿಗೆ ಒಂದು ಪಲ್ಲ. ಊರಿಂದ ಊರಿಗೆ ಸೇರು ಬದಲಾಗುತ್ತಿತ್ತು, ಹಾಗಾಗಿ ಕಣ್ಣುಮುಚ್ಚಿ ಕಿಲೋಗೆ ತಿರುಗಿಸಬೇಡಿ. ಚಿನ್ನದ ತೊಲ 11.66 ಗ್ರಾಂ. ಒಂದು ಆಣೆ ಅಂದರೆ ಆರೂಕಾಲು ನಯಾ ಪೈಸೆ. ಇಪ್ಪತ್ತೈದು ಪೈಸೆಗೆ 'ನಾಲ್ಕಾಣೆ' ಅನ್ನುವ ಮಾತು ಅಲ್ಲಿಂದಲೇ ಉಳಿದದ್ದು.

ಯಾರು ಇಲ್ಲ ಎಂದೂ ನೋಡಿ

ಪತ್ರಿಕೆ ಕೊಂಡು ಓದುವವರ, ಜಾಹೀರಾತಿಗೆ ದುಡ್ಡು ಕೊಡುವವರ ಬದುಕೇ ಅಲ್ಲಿ ಜಾಸ್ತಿ. ಹೆಂಗಸರು 'ಶ್ರೀಮತಿ' ಆಗಿ ಗಂಡನ ಹೆಸರಿನಲ್ಲಿ ಕಾಣಿಸುತ್ತಾರೆ. ಕೂಲಿಯವರು ಬರುವುದು ಅಪಘಾತದ ಸುದ್ದಿಯಲ್ಲಿ. ಈ ಖಾಲಿ ಜಾಗವನ್ನು ತುಂಬಲು ಮನೆಯ ಹಿರಿಯರನ್ನೇ ಕೇಳಬೇಕು. ಫೋಟೋವನ್ನು ಅವರಿಗೆ ತೋರಿಸಿ ಸುಮ್ಮನೆ ಕೂತುಬಿಡಿ, ಮಾತು ತಾನಾಗಿ ಬರುತ್ತದೆ.

ಹಿಂದಿನ, ಮುಂದಿನ ಸಂಚಿಕೆ ಹುಡುಕಿ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದು 1843ರ ಜುಲೈ 1ರಂದು. ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಅಲ್ಲಿಂದ ಇಲ್ಲಿವರೆಗೆ ಬಂದ ಪತ್ರಿಕೆಗಳಲ್ಲಿ ಎಷ್ಟೋ ಪೊಟ್ಟಣ ಕಟ್ಟಲು ಹೋದವು. ಉಳಿದವು ದೊಡ್ಡ ಲೈಬ್ರರಿಗಳಲ್ಲಿ, ಪತ್ರಿಕಾ ಕಚೇರಿಗಳ ಸಂಗ್ರಹದಲ್ಲಿ ಸಿಗಬಹುದು. ಬೆಂಗಳೂರಿನವರು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಮೊದಲು ವಿಚಾರಿಸಿ. ಪತ್ರಿಕೆಯ ಹೆಸರು, ತಿಂಗಳು, ವರ್ಷ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಸುಮ್ಮನೆ 'ಹಳೇ ಪೇಪರ್ ಇದೆಯಾ' ಎಂದರೆ ಯಾರಿಗೂ ಹುಡುಕಲಾಗುವುದಿಲ್ಲ.

ನಾನೂ ಚೀಟಿ ಬರೆದುಕೊಂಡೇ ಹೋದೆ. ಬೈಂಡ್ ಮಾಡಿದ ಸಂಪುಟ ತಂದುಕೊಟ್ಟರು. ಆಗಸ್ಟ್ ಮೊದಲ ವಾರದಲ್ಲಿ ನನ್ನ ಹಾಳೆ ಸಿಕ್ಕಿತು, ಈ ಸಲ ಪೂರ್ತಿ. ಮುಂದಿನ ಪುಟಗಳನ್ನು ಒಂದೊಂದಾಗಿ ತಿರುವಿದೆ. ಚಿರಂಜೀವಿಯ ಜಾಹೀರಾತು ಇನ್ನೂ ನಾಲ್ಕು ಸಲ ಬಂದಿತ್ತು. ಕೊನೆಯದರಲ್ಲಿ ಒಂದು ಸಾಲು ಹೊಸದು: "ನಿನ್ನ ಪರೀಕ್ಷೆ ವಿಷಯ ಯಾರೂ ಎತ್ತುವುದಿಲ್ಲ." ಅದಾದ ಮೇಲೆ ವರ್ಷದ ಕೊನೆಯವರೆಗೂ ನೋಡಿದೆ, ಮತ್ತೆ ಬರಲಿಲ್ಲ. ಮನೆಗೆ ಬಂದು ಹೇಳಿದಾಗ ಅಮ್ಮ ಕೇಳಿದ್ದು ಒಂದೇ: "ಹಾಗಾದ್ರೆ ಬಂದಿರಬೇಕು, ಅಲ್ವಾ?"