ದುರ್ಗದಬೈಲಿಗೆ ಹೊರಟಿದ್ದೀರಾ? ಕಾರು ಬೇಡ

ಹಬ್ಬದ ಖರೀದಿಗೆ ಹುಬ್ಬಳ್ಳಿಯ ದುರ್ಗದಬೈಲು, ಕೊಪ್ಪೀಕರ್ ರಸ್ತೆ ಕಡೆ ಹೋಗುವವರಿಗೆ ಒಂದು ಮಾತು. ಅಲ್ಲಿ ಕಾರಿಗೆ ಜಾಗ ಹುಡುಕುತ್ತಾ ಸುತ್ತಿದರೆ ಪೆಟ್ರೋಲ್ ಸುಮ್ನೆ ದಂಡ. ಧಾರವಾಡ, ನವನಗರ, ಉಣಕಲ್ ಕಡೆಯವರಾದರೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಹತ್ತಿಬಿಡಿ. ಅದಕ್ಕೆ ಬೇರೆಯೇ ದಾರಿ ಇದೆ, ಟ್ರಾಫಿಕ್ ಕಾಟ ಕಡಿಮೆ.

ಕಾರು ತರಲೇಬೇಕಾ? ಹಾಗಾದರೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಬನ್ನಿ. ಸಂಜೆ ಗಿರಮಿಟ್, ಮಿರ್ಚಿ ಭಜಿ ತಿನ್ನುವವರ ಬೈಕುಗಳೇ ರಸ್ತೆ ತುಂಬಿರುತ್ತವೆ (ಅವರ ತಪ್ಪೂ ಅಲ್ಲ ಬಿಡಿ, ಆ ವಾಸನೆಗೆ ಯಾರಾದರೂ ನಿಲ್ಲುತ್ತಾರೆ). ಸ್ವಲ್ಪ ದೂರದಲ್ಲೇ ದುಡ್ಡು ಕೊಟ್ಟು ನಿಲ್ಲಿಸಿ, ನಡೆದು ಬನ್ನಿ. ಗಾಡಿ ನಿಲ್ಲಿಸಿ ಹೋಗುವ ಮೊದಲು ಪಾರ್ಕಿಂಗ್ ಬೋರ್ಡ್ ಓದಿ. ಅಂಗಡಿ ಶಟರ್ ಮುಂದೆ ಮಾತ್ರ ನಿಲ್ಲಿಸಬೇಡಿ, ಜಗಳ ಗ್ಯಾರಂಟಿ! ಪಾರ್ಕಿಂಗ್ ಚೀಟಿಯ ಫೋಟೋ ಮೊಬೈಲಿನಲ್ಲಿ ಇರಲಿ.