ಕಾಕರ್ ಸಾಕುತ್ತೀರಾ? ಕಿವಿಯಿಂದ ಶುರು ಮಾಡಿ

ಆಗಸ್ಟ್ ಬಂತೆಂದರೆ ನಮ್ಮ ಶಿರಸಿ ಕಡೆಯ ಕಾಕರ್ ಸ್ಪ್ಯಾನಿಯಲ್‌ಗಳದ್ದು ಒಂದೇ ಭಂಗಿ. ತಲೆ ಒಂದು ಕಡೆ ವಾಲಿಸಿಕೊಂಡು ಹಿಂಗಾಲಲ್ಲಿ ಕಿವಿ ಕೆರೆಯುತ್ತಾ ಜಗಲಿ ಮೇಲೆ ಕೂತಿರುತ್ತವೆ. ಹತ್ತಿರ ಹೋದರೆ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ಕೇಳಿದರೆ, "ಬೆಳ್ಳುಳ್ಳಿ ಹಾಕಿ ಕಾಸಿದ ಕೊಬ್ಬರಿ ಎಣ್ಣೆ ಬಿಡ್ತಾ ಇದೀವಲ್ಲ" ಅನ್ನುತ್ತಾರೆ. ಆ ಎಣ್ಣೆಯೇ ಅರ್ಧ ಕಾಯಿಲೆ. ಕಿವಿಯೊಳಗಿನ ಬೂಷ್ಟು ಜಿಡ್ಡು ತಿಂದೇ ಬೆಳೆಯುವಂಥದ್ದು. ನಾವಾಗಿ ಅದಕ್ಕೆ ಊಟ ಬಡಿಸುತ್ತೇವೆ.

ಮೊದಲು ನಾಯಿಯ ಸ್ವಭಾವ ತಿಳಿದುಕೊಳ್ಳಿ. ಇದು ಇಂಗ್ಲೆಂಡಿನ ಬೇಟೆ ತಳಿ. ಪೊದೆ ನುಗ್ಗಿ ವುಡ್‌ಕಾಕ್ ಎಂಬ ಹಕ್ಕಿಯನ್ನು ಎಬ್ಬಿಸುವುದು ಇದರ ಕೆಲಸ, ಹೆಸರು ಬಂದದ್ದೂ ಅಲ್ಲಿಂದಲೇ. ತೂಕ 12ರಿಂದ 15 ಕೆ.ಜಿ., ಎತ್ತರ 38ರಿಂದ 41 ಸೆಂ.ಮೀ. ನೋಡಲು ಆಟಿಕೆ, ಒಳಗೆ ಬೇಟೆಗಾರ. ಅಡಿಕೆ ತೋಟಕ್ಕೆ ಬಿಟ್ಟರೆ ಮೂಗು ದರಕಿಗೆ, ಅಂದರೆ ಉದುರಿದ ಒಣ ಎಲೆಗೆ, ಬಾಲ ಗಿರಗಿರ. ತೋಟಕ್ಕೆ ಸೊಪ್ಪು ತರುವ ಕಾಡು, ಅದೇ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಹಗ್ಗ ಬಿಚ್ಚಬೇಡಿ. ಕಾಡುಕೋಳಿ ಕಂಡರೆ ನಿಮ್ಮ ಕೂಗು ಅದಕ್ಕೆ ಕೇಳುವುದಿಲ್ಲ. ದಿನಕ್ಕೆ ಒಂದು ಗಂಟೆ ಓಡಾಟ ಬೇಕೇ ಬೇಕು.

ಈಗ ಕಿವಿ.

ಹಂತ 1: ಮೂಸಿ ನೋಡಿ. ಮುಟ್ಟಿದರೆ ಕಿರುಚುತ್ತದೆ, ಕೀವಿದೆ, ಒಳಗೆ ಕೆಂಪಗೆ ಊದಿದೆ ಎಂದಾದರೆ ಮನೆಯಲ್ಲಿ ಏನೂ ಹಾಕಬೇಡಿ. ಪಶುವೈದ್ಯರು ದೀಪ ಬಿಟ್ಟು ಕಿವಿಯ ಪರದೆ ನೋಡಬೇಕು. ಪರದೆ ತೂತಾಗಿದ್ದರೆ ಹಾಕಿದ ದ್ರಾವಣ ಒಳಗಿಳಿದು ನಾಯಿ ಕಿವುಡಾಗಬಹುದು.

ಹಂತ 2: ಕೂದಲು ತೆಗೆಯಿರಿ. ಕಿವಿಯ ಒಳಮೈ ಮತ್ತು ತೂತಿನ ಕೆಳಗಿನ ಕೂದಲು ಗಿಡ್ಡ ಇರಲಿ, ಗಾಳಿ ಆಡಲಿ. ಗಂಟಾದ ಕಡೆ ಜೋಪಾನ. ಗಂಟಿನ ಒಳಗೆ ಚರ್ಮವೂ ಎಳೆದುಕೊಂಡು ಬಂದಿರುತ್ತದೆ. ನಾನು ಒಮ್ಮೆ ಅವಸರದಲ್ಲಿ ಕತ್ತರಿ ಹಾಕಿ ನಮ್ಮ ರೂಬಿಯ ಕಿವಿಯಂಚು ಸೀಳಿದೆ. ಗೋಡೆ ತುಂಬಾ ರಕ್ತ. ಗಂಟಿಗೂ ಚರ್ಮಕ್ಕೂ ನಡುವೆ ಬಾಚಣಿಗೆ ತೂರಿಸಿ, ಬಾಚಣಿಗೆಯ ಮೇಲೆ ಕತ್ತರಿಸಿ.

ಹಂತ 3: ಇಲ್ಲೇ ಎಲ್ಲರೂ ಎಡವುವುದು. ನಾಯಿಯ ಕಿವಿ ನಾಳ ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ, ಬಚ್ಚಲ ಪೈಪಿನ ಬೆಂಡ್ ಇದ್ದ ಹಾಗೆ. ಇಯರ್ ಬಡ್ ತೂರಿಸಿದರೆ ಕೊಳೆ ಆ ಬೆಂಡ್‌ನಲ್ಲಿ ಹೋಗಿ ಗಟ್ಟಿ ಕೂರುತ್ತದೆ, ಹೊರಗೆ ಬರುವುದಿಲ್ಲ. ನಾಯಿಗೆಂದೇ ಇರುವ ಕಿವಿ ದ್ರಾವಣ ತನ್ನಿ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಇಡಿ, ತಣ್ಣಗಿದ್ದರೆ ಮುಂದಿನ ಸಲ ನಾಯಿ ಮಂಚದಡಿ ಸೇರುತ್ತದೆ. ಕಿವಿಯನ್ನು ಮೇಲಕ್ಕೆತ್ತಿ, ದ್ರಾವಣ ಕಣ್ಣಿಗೆ ಕಾಣುವಷ್ಟು ತುಂಬಿಸಿ. ಎರಡು ಹನಿ ಬಿಟ್ಟರೆ ದಂಡ. ಆಮೇಲೆ ಕಿವಿ ಮಡಚಿ, ಬುಡವನ್ನು ಅರ್ಧ ನಿಮಿಷ ಮೆತ್ತಗೆ ಹಿಚುಕಿ. ಪಚಪಚ ಸದ್ದು ಬರಬೇಕು. ಬರದಿದ್ದರೆ ದ್ರಾವಣ ಸಾಲದು ಎಂದರ್ಥ. ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿರಿ. ಅದು ತಲೆ ಕೊಡವಿದಾಗ ಒಳಗಿನ ಕಂದು ಕೊಳೆ ಹಾರುತ್ತದೆ, ಹಾಗಾಗಿ ಈ ಕೆಲಸ ಅಂಗಳದಲ್ಲೇ ಆಗಲಿ. ಉಳಿದದ್ದನ್ನು ಬೆರಳಿಗೆ ಹತ್ತಿ ಸುತ್ತಿ, ಬೆರಳು ಹೋಗುವಷ್ಟೇ ಒರೆಸಿ.

ವಾರಕ್ಕೊಮ್ಮೆ ಸಾಕು. ದಿನಾ ತೊಳೆದರೆ ಚರ್ಮ ನೆನೆದು ಅದೇ ಒಂದು ಗಾಯ. ಕಾರವಾರದವರು ಸಮುದ್ರದಲ್ಲಿ ಆಡಿಸಿ ತಂದ ದಿನವೂ ಮಾಡಿ. ಹೈಡ್ರೋಜನ್ ಪೆರಾಕ್ಸೈಡ್, ಪೌಡರ್ ಎರಡೂ ಬೇಡ. ಪೌಡರ್ ಅಂತೂ ಒಳಗೆ ನೆನೆದು ಹಿಟ್ಟಿನುಂಡೆ ಆಗುತ್ತದೆ.

ಹಂತ 4: ಮೈ ಬಾಚುವುದು, ದಿನಾ ಹತ್ತು ನಿಮಿಷ. ನಮ್ಮ ಶಾಂಪೂ ಬೇಡ. ಮಳೆಗಾಲದಲ್ಲಿ ಹೊಟ್ಟೆ, ಕಾಲಿನ ಜೂಲು ಗಿಡ್ಡ ಮಾಡಿಸಿ. ಬೆನ್ನು ಮಾತ್ರ ಬೋಳಿಸಲು ಬಿಡಬೇಡಿ, ಮತ್ತೆ ಬರುವ ಕೂದಲು ಉಣ್ಣೆಯ ಹಾಗೆ ಬಂದು ಜಾಸ್ತಿ ಗಂಟು ಕಟ್ಟುತ್ತದೆ.

ಹಂತ 5: ತೋಟದಿಂದ ಬಂದ ಕೂಡಲೇ ಬೆರಳ ಸಂದು, ಕಂಕುಳು, ಕಿವಿಯ ಮಡಿಕೆ ನೋಡಿ. ಉಂಬಳ (ಜಿಗಣೆ) ಉಪ್ಪಿಗೆ ಬಿಡುತ್ತದೆ. ಉಣುಗನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಬರಿಗೈಲಿ ಹಿಸುಕುವುದು ಬೇಡ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಂಡ ಸಿದ್ದಾಪುರದವರಿಗೆ ಉಣುಗಿನ ಬಗ್ಗೆ ನಾನು ಹೇಳಬೇಕಿಲ್ಲ ಅಲ್ವಾ?

ಕೊನೆಗೆ ಊಟ. ಕಾಕರ್ ಹೊಟ್ಟೆ ತುಂಬಿತು ಎಂದು ಯಾವತ್ತೂ ಹೇಳುವುದಿಲ್ಲ, ಕಣ್ಣಲ್ಲೇ ಬೇಡುತ್ತದೆ. ಎರಡು ಹೊತ್ತು ಅಳೆದು ಹಾಕಿ. ಬೇಯಿಸಿದ ಮೂಳೆ, ಮೀನಿನ ಮುಳ್ಳು ಬೇಡ. ಅಗಲ ತಟ್ಟೆಯಲ್ಲಿ ಹಾಕಿದರೆ ಕಿವಿ ಎರಡೂ ಅನ್ನದಲ್ಲಿ ಅದ್ದಿ, ಮತ್ತೆ ಅದೇ ಹುಳಿ ವಾಸನೆ. ಬಾಯಿ ಕಿರಿದಾದ ಆಳದ ಪಾತ್ರೆ ಇಡಿ, ಕಿವಿ ಹೊರಗೇ ಉಳಿಯುತ್ತದೆ. ಅದಕ್ಕೆಂದೇ ಮಾರುವ ದುಬಾರಿ ಕಿವಿಪಟ್ಟಿ ಸುಮ್ನೆ ಖರ್ಚು. ನಾನು ಹಳೆಯ ಉಣ್ಣೆ ಸಾಕ್ಸ್‌ನ ಪಾದ ಕತ್ತರಿಸಿ, ಉಳಿದ ಕೊಳವೆಯನ್ನು ಊಟದ ಹೊತ್ತಿಗೆ ರೂಬಿಯ ತಲೆಗೆ ಸಡಿಲವಾಗಿ ಏರಿಸುತ್ತೇನೆ. ಊಟ ಮುಗಿದ ಕೂಡಲೇ ತೆಗೆಯಬೇಕು, ಮರೆತರೆ ಅದನ್ನೂ ಜಗಿದು ನುಂಗುತ್ತದೆ.