ಆಫೀಸಿನ ಪಕ್ಕದ ರೈತರ ಸಂತೆ: ಹಾಸನದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟವರಿಗೆ

ಕಳೆದ ವಾರ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಅವರೆಕಾಯಿಯ ಸೊಗಡನ್ನು ಮೂಸಿ ನೋಡುತ್ತ ನಿಂತಿದ್ದಾಗ, ಮುಂದಿನ ತಿಂಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸಕ್ಕೆ ಸೇರಲಿರುವ ನನ್ನ ತಂಗಿಯ ಮಗಳು ಒಂದು ಪ್ರಶ್ನೆ ಕೇಳಿದಳು. "ಮಾವ, ನಮ್ಮ ಆಫೀಸಿನ ಹತ್ತಿರವೇ ರೈತರ ಸಂತೆ ನಡೆಯುತ್ತಂತೆ. ಅಲ್ಲಿ ಕೊಳ್ಳೋದು ದುಡ್ಡು ಹೆಚ್ಚಾದವರ ಶೋಕಿ ಅಂತ ಎಲ್ಲರೂ ಹೇಳ್ತಾರೆ. ನಾವು ಹೋಗಬೇಕಾ, ಬೇಡವಾ?" ಆ ಊರಿನ ಪೇಟೆ ನಡುವೆ ಹತ್ತೊಂಬತ್ತು ವರ್ಷ ದುಡಿದ ನಾನು ಅವಳಿಗೆ ಅಲ್ಲೇ ನಿಂತು ಅರ್ಧ ಉತ್ತರ ಕೊಟ್ಟೆ. ಹಾಸನ, ಚಿಕ್ಕಮಗಳೂರುಗಳಿಂದ ಪ್ರತಿವರ್ಷ ಹೊರಡುವ ಹುಡುಗ ಹುಡುಗಿಯರಿಗೂ ಉಪಯೋಗವಾದೀತೆಂದು ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋಗಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಏನನ್ನು ಕೊಳ್ಳಬೇಕು, ಎಷ್ಟು ಕೊಳ್ಳಬೇಕು ಎಂಬುದನ್ನು ತಿಳಿದು ಹೋಗಬೇಕು.

ಮೊದಲಿಗೆ, ಈ ಸಂತೆ ನಮ್ಮ ಸಂತೆಯಂತೆ ಎಲ್ಲರೂ ಎಲ್ಲವನ್ನೂ ತಂದು ಮಾರುವ ಜಾಗವಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಅಲೆಮನಿ ಸಂತೆ 1943ರಷ್ಟು ಹಳೆಯದಾದರೂ, ಕ್ಯಾಲಿಫೋರ್ನಿಯಾದ ರೈತರು ಪ್ಯಾಕಿಂಗ್ ಮತ್ತು ಗಾತ್ರದ ಕಟ್ಟುಪಾಡುಗಳಿಂದ ಬಿಡುಗಡೆ ಪಡೆದು, ತಾವು ಬೆಳೆದುದನ್ನು ಗ್ರಾಹಕರಿಗೆ ನೇರವಾಗಿ ಮಾರುವ ಇಂದಿನ ವ್ಯವಸ್ಥೆ ಆರಂಭವಾದದ್ದು 1977ರಲ್ಲಿ. ಸಿವಿಕ್ ಸೆಂಟರ್ ಬಳಿಯ 'ಹಾರ್ಟ್ ಆಫ್ ದ ಸಿಟಿ' ಸಂತೆ 1981ರಲ್ಲಿ ಶುರುವಾಯಿತು. ಅದು ಬುಧವಾರ ಮತ್ತು ಭಾನುವಾರ ಸೇರುತ್ತದೆ. ಸಮುದ್ರದಂಡೆಯ ಫೆರಿ ಬಿಲ್ಡಿಂಗ್ ಎದುರು ಮಂಗಳವಾರ, ಗುರುವಾರ, ಶನಿವಾರಗಳಲ್ಲಿ ಸೇರುವ ಸಂತೆ ಇವೆರಡಕ್ಕಿಂತಲೂ ಈಚಿನದು. ಮಾರುವ ರೈತನಿಗೆ ಅವನ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕೃಷಿ ಅಧಿಕಾರಿ ಕೊಟ್ಟ ಪ್ರಮಾಣಪತ್ರ ಇರಬೇಕು, ಅದು ಮಳಿಗೆಯಲ್ಲಿ ಕಾಣುವಂತೆ ತೂಗುಹಾಕಿರಬೇಕು. ತೋಟದ ಹೆಸರು, ಊರಿನ ಕೌಂಟಿ, "ನಾವು ಬೆಳೆದುದನ್ನೇ ಮಾರುತ್ತೇವೆ" ಎಂಬ ಫಲಕವೂ ಇರಬೇಕು. ದಲ್ಲಾಳಿಯಿಂದ ಕೊಂಡು ತಂದು ಮಾರುವುದಕ್ಕೆ ಅಲ್ಲಿ ಅವಕಾಶವಿಲ್ಲ. ಅನುಮಾನ ಬಂದರೆ ಆ ಕಾಗದವನ್ನು ಓದಿ ನೋಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ನನಗೆ ಈ ವಿಷಯ ಮುಖ್ಯವೆನಿಸಲು ಒಂದು ಹಳೆಯ ಕಾರಣವಿದೆ. ನನ್ನ ತಂದೆ ಪ್ರತಿವರ್ಷ ಜಲಂಧರದ ಬಿತ್ತನೆ ಗೆಡ್ಡೆ ತಂದು ಮುಂಗಾರಿಗೆ ಆಲೂಗೆಡ್ಡೆ ಹಾಕುತ್ತಿದ್ದರು. ಅಂಗಮಾರಿ ರೋಗ ಬಿಟ್ಟುಕೊಟ್ಟ ವರ್ಷಗಳಲ್ಲಿ ಮೂಟೆಗಳನ್ನು ಮಂಡಿಗೆ ಹಾಕಿ ಬಂದಾಗ ಅವರ ಜೇಬಿನಲ್ಲಿ ಒಂದು ಚೀಟಿ ಇರುತ್ತಿತ್ತು: ಲಾರಿ ಬಾಡಿಗೆ, ಹಮಾಲಿ, ಕಮಿಷನ್, ಮುಂಗಡದ ಬಾಬ್ತು ಎಂದು ಒಂದೊಂದಾಗಿ ಕಳೆದು, ಕೊನೆಯಲ್ಲಿ ಉಳಿದ ಮೊತ್ತಕ್ಕೆ ಎರಡು ಗೆರೆ ಎಳೆದಿರುತ್ತಿದ್ದ ಚೀಟಿ. ಅವರ ಗೆಡ್ಡೆಯನ್ನು ತಿಂದವರ ಮುಖವನ್ನು ಅವರು ಒಮ್ಮೆಯೂ ನೋಡಲಿಲ್ಲ. ಕೊಳ್ಳುವವನು ಕೊಟ್ಟ ಡಾಲರು ಬೆಳೆದವಳ ಏಪ್ರನ್ ಜೇಬಿಗೆ ನೇರವಾಗಿ ಇಳಿಯುವುದನ್ನು ಫೆರಿ ಬಿಲ್ಡಿಂಗ್ ಎದುರು ಮೊದಲ ಬಾರಿ ಕಂಡಾಗ ನನಗೆ ನೆನಪಾದದ್ದು ಆ ಎರಡು ಗೆರೆಗಳು.

ಹಾಗೆಂದು ಅವರಿಗೆ ಖರ್ಚಿಲ್ಲವೆಂದಲ್ಲ. ಫ್ರೆಸ್ನೋ ಕಡೆಯಿಂದ ಬರುವವರು ನಸುಕಿಗೂ ಮುಂಚೆ ಮನೆ ಬಿಟ್ಟು ನೂರೆಂಬತ್ತು ಮೈಲಿಯಷ್ಟು ಗಾಡಿ ಓಡಿಸಬೇಕು. ಮಳಿಗೆಯ ಬಾಡಿಗೆ, ಡೀಸೆಲ್ಲು, ಸಹಾಯಕರ ಕೂಲಿ ಕಟ್ಟಬೇಕು. ಮಾರದೆ ಉಳಿದ ಸೊಪ್ಪನ್ನು ಮರುದಿನಕ್ಕೆ ಇಡಲಾಗದು. ಶನಿವಾರದ ಸಂತೆಗೆ ಪ್ರವಾಸಿಗರೂ ಸುತ್ತಲಿನ ಮನೆಯವರೂ ಬರುತ್ತಾರೆ. ವಾರದ ನಡುವೆ ಹತ್ತರಿಂದ ಎರಡರವರೆಗೆ ನಡೆಯುವ ಸಂತೆಗಾದರೋ ಆಫೀಸಿನವರ ಊಟದ ಬಿಡುವೇ ಆಧಾರ. 2020ರ ನಂತರ ಮನೆಯಿಂದಲೇ ಕೆಲಸ ಮಾಡುವ ರೂಢಿ ಬೆಳೆದು ಪೇಟೆಯ ಗೋಪುರಗಳು ಬರಿದಾದಾಗ ಆ ಆಧಾರವೇ ಕುಸಿಯಿತು. ವಾರಕ್ಕೆ ಎರಡು ಮೂರು ದಿನ ಆಫೀಸಿಗೆ ಹೋಗಬೇಕಾದವರು, ಆಯ್ಕೆ ನಿಮ್ಮದೇ ಆಗಿದ್ದರೆ, ಅದರಲ್ಲಿ ಒಂದು ದಿನವನ್ನು ಸಂತೆಯ ದಿನಕ್ಕೆ ಹೊಂದಿಸಿಕೊಳ್ಳಿ.

ಇಲ್ಲಿ ನಮ್ಮವರೇ ಮಾಡುವ ಒಂದು ತಪ್ಪನ್ನು ಹೇಳಬೇಕು. ಸಂತೆಯಲ್ಲಿ ಬಿಸಿ ಅಡುಗೆ ಮಾರುವ ಮಳಿಗೆಗಳೂ ಇರುತ್ತವೆ. ಮಧ್ಯಾಹ್ನ ಅತಿ ಉದ್ದದ ಸಾಲು ಅಲ್ಲಿಯೇ. ನಾನೂ ಮೊದಲ ಎರಡು ವರ್ಷ ಆ ಸಾಲಿನಲ್ಲಿ ನಿಂತು, ಒಂದು ಕಾಫಿಯನ್ನೂ ಹಿಡಿದು, ರೈತರಿಗೆ ಉಪಕಾರ ಮಾಡಿದೆನೆಂಬ ನೆಮ್ಮದಿಯಿಂದ ಹಿಂದಿರುಗುತ್ತಿದ್ದೆ. ಪಕ್ಕದಲ್ಲೇ ಕೋಸು, ಗಜ್ಜರಿ ಹರಡಿಕೊಂಡು ನಿಂತವನ ಮುಂದೆ ಒಬ್ಬರೂ ಇರುತ್ತಿರಲಿಲ್ಲ. ಅಡುಗೆ ಮಾರುವವರೂ ದುಡಿಯುವವರೇ, ಅವರ ಬಗ್ಗೆ ನನ್ನ ತಕರಾರಿಲ್ಲ; ಆದರೆ ಬೆಳೆದವನಿಗೆ ನೆರವಾಗುವುದು ಅವನ ತರಕಾರಿ ನಿಮ್ಮ ಚೀಲಕ್ಕೆ ಬಿದ್ದಾಗ ಮಾತ್ರ.

ಬೆಲೆಯ ಮಾತು. ದುಬಾರಿ ಎಂಬುದು ಅರ್ಧ ನಿಜ. ಅಲ್ಲಿನ ತೂಕ ಪೌಂಡಿನದು, ಸುಮಾರು 450 ಗ್ರಾಂ, ಬೆಲೆಯನ್ನು 2.2ರಿಂದ ಗುಣಿಸಿದರೆ ಕಿಲೋ ಲೆಕ್ಕ ಸಿಗುತ್ತದೆ, ಆದರೆ ದಯವಿಟ್ಟು ಅದನ್ನು ಮತ್ತೆ ರೂಪಾಯಿಗೆ ತಿರುಗಿಸಬೇಡಿ. ಹಾಗೆ ಮಾಡಿದವರು ಮೊದಲ ವರ್ಷ ಏನನ್ನೂ ತಿನ್ನಲಾರರು. ಸಾಲದ ಕಂತು, ಮನೆಗೆ ಕಳಿಸುವ ಹಣ, ಬೆನ್ನು ಮುರಿಯುವ ಬಾಡಿಗೆ ಇರುವಾಗ ಇಡೀ ಅಡುಗೆಮನೆಯನ್ನು ಸಂತೆಯಿಂದ ತುಂಬಿಸಬೇಕೆಂದು ನಾನು ಹೇಳಲಾರೆ. ಅಕ್ಕಿ, ಬೇಳೆ, ಈರುಳ್ಳಿಯನ್ನು ನಮ್ಮವರ ಅಂಗಡಿಯಲ್ಲೋ ಸೂಪರ್ ಮಾರ್ಕೆಟ್ಟಿನಲ್ಲೋ ಕೊಳ್ಳಿ. ಸಂತೆಯಲ್ಲಿ ಆಯಾ ಕಾಲದ ಮೂರು ವಸ್ತುಗಳನ್ನು ಮಾತ್ರ, ಆದರೆ ತಪ್ಪದೆ ಕೊಳ್ಳಿ: ಬೇಸಿಗೆಯಲ್ಲಿ ಟೊಮೇಟೊ ಮತ್ತು ಪೀಚ್, ಚಳಿಯಲ್ಲಿ ಕಿತ್ತಳೆ ಮತ್ತು ಕೋಸು, ಯಾವಾಗಲೂ ಒಂದು ಕಟ್ಟು ಸೊಪ್ಪು. ಫೆರಿ ಬಿಲ್ಡಿಂಗಿನದಕ್ಕಿಂತ ಸಿವಿಕ್ ಸೆಂಟರಿನ ಸಂತೆ ಜೇಬಿಗೆ ಹಗುರ.

ಸೊಪ್ಪಿನ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಏಷ್ಯಾ ಮೂಲದ ರೈತರ ಮಳಿಗೆಗಳಲ್ಲಿ ಬೇಸಿಗೆಯ ಹೊತ್ತಿಗೆ ಎಲೆಯ ನಡುವೆ ಕೆಂಪು ಬಳಿದಂತಿರುವ ಒಂದು ಸೊಪ್ಪು 'ಯಿನ್ ಚಾಯ್' ಎಂಬ ಹೆಸರಿನಲ್ಲಿ ಕಾಣಸಿಗುತ್ತದೆ. ಅದು ನಮ್ಮ ದಂಟಿನ ಸೊಪ್ಪೇ. ಬೇರಿನ ಮಣ್ಣು ತೊಳೆದು, ಅಲಸಂದೆ ಕಾಳಿನೊಂದಿಗೆ ಬೇಯಿಸಿ ಬಸಿದರೆ ನೀರು ಅದೇ ತಿಳಿಗೆಂಪಿಗೆ ತಿರುಗುತ್ತದೆ. ಬಸ್ಸಾರಿಗೂ ಪಲ್ಯಕ್ಕೂ ಒಂದು ಕಟ್ಟು ಸಾಕು. ಮುದ್ದೆಗೆ ರಾಗಿಹಿಟ್ಟು ನಮ್ಮವರ ಅಂಗಡಿಯಲ್ಲಿ ಸಿಗುತ್ತದೆ.

ನಡವಳಿಕೆಯ ವಿಷಯದಲ್ಲಿ ನಾನು ಪೆಟ್ಟು ತಿಂದು ಕಲಿತವನು. ಮೊದಲ ಸಲ ಹೋದಾಗ ಹಾಸನದ ಅಭ್ಯಾಸದಂತೆ ಐದಾರು ಪೀಚ್ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಬೆಲೆಗೆ ಚೌಕಾಸಿಯನ್ನೂ ಮಾಡಿದೆ. ಮಾರುವ ಹೆಂಗಸು ಏನನ್ನೂ ಹೇಳದೆ, ನಾನು ಒತ್ತಿದ ಅಷ್ಟೂ ಹಣ್ಣನ್ನು ಆರಿಸಿ ನನ್ನ ಚೀಲಕ್ಕೇ ಹಾಕಿ, ಪೂರ್ತಿ ಬೆಲೆ ಹೇಳಿದಳು. ಒತ್ತಬೇಡಿ; ಇವತ್ತಿಗೆ ಬೇಕೋ ನಾಡಿದ್ದಿಗೋ ಎಂದು ಹೇಳಿದರೆ ಅವರೇ ಆರಿಸಿಕೊಡುತ್ತಾರೆ. ಕೊಸರು ಕೇಳುವ ಪದ್ಧತಿಯೂ ಅಲ್ಲಿಲ್ಲ, ಆದರೆ ರುಚಿ ನೋಡಲು ಹೋಳು ಇಟ್ಟಿದ್ದರೆ ಸಂಕೋಚಪಡಬೇಡಿ.

ಬಡವರು ಸರ್ಕಾರದ ಆಹಾರ ನೆರವಿನ ಕಾರ್ಡಿನಿಂದಲೂ ಈ ಸಂತೆಗಳಲ್ಲಿ ಕೊಳ್ಳುವುದನ್ನು ನೀವು ಕಾಣುವಿರಿ. ಆ ನೆರವು ಕೆಲಸದ ವೀಸಾದ ಮೇಲೆ ಬಂದವರಿಗಲ್ಲ. ಆದರೆ ಸಂತೆ ನಿಂತರೆ ಮೊದಲು ತೊಂದರೆಗೆ ಸಿಲುಕುವವರು ಕಾರಿಲ್ಲದೆ ಪೇಟೆಯ ನಡುವೆಯೇ ಬದುಕುವ ಅವರು, ಆಫೀಸಿನವರಲ್ಲ.

ಬಟ್ಟೆಯ ಚೀಲ ಒಯ್ಯಿರಿ. ಹಾಸನದ ಯಾವುದೋ ಜವಳಿ ಅಂಗಡಿಯ ಹೆಸರಿರುವ ಕೈಚೀಲವಾದರೂ ನಡೆಯುತ್ತದೆ, ನನ್ನದು ಹತ್ತು ವರ್ಷ ಬಾಳಿದೆ. ಆಫೀಸಿನ ಫ್ರಿಜ್ಜಿನಲ್ಲಿ ಕೊತ್ತಂಬರಿ, ಮೆಂತ್ಯ ಇಡುವಾಗ ಗಂಟು ಬಿಗಿಯಾಗಿ ಕಟ್ಟಿ, ಇಲ್ಲವಾದರೆ ಸಹೋದ್ಯೋಗಿಗಳ ಹಾಲಿನ ಡಬ್ಬಿಗಳಿಗೆಲ್ಲ ಅದರ ಘಮ ಅಂಟುತ್ತದೆ. ಜನವರಿಯಲ್ಲಿ ಮಳೆ ಹಿಡಿದಾಗ ಕೊಳ್ಳುವವರು ಕಡಿಮೆಯಾಗುತ್ತಾರೆ; ಆದರೂ ಮಾರುವವರು ಟೆಂಟಿನ ಅಂಚಿನ ನೀರನ್ನು ಕೋಲಿನಿಂದ ಎತ್ತಿ ಸುರಿಯುತ್ತ ನಿಂತಿರುತ್ತಾರೆ. ಅಂಥ ದಿನ ಹನ್ನೆರಡೂವರೆಗೆ ಕೊಡೆ ಹಿಡಿದು ಹೋಗಿ. ಕಿತ್ತಳೆ ಚೆನ್ನಾಗಿರುತ್ತದೆ, ಸಾಲೂ ಇರುವುದಿಲ್ಲ.